ಅಮ್ಮನ ಚೀಲ, ಆಸ್ಪತ್ರೆಯ ಕಡತ

ಕನ್ನಡ ಕೂಟದ ಊಟದ ಸಾಲಿನಲ್ಲಿ ಹೊಸದಾಗಿ ಪರಿಚಯವಾದವರು "ಎಲ್ಲಿ ಕೆಲಸ?" ಎಂದು ಕೇಳುವುದು ವಾಡಿಕೆ. "ನ್ಯೂಯಾರ್ಕ್ ನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ" ಎಂದು ನಾನು ಹೇಳಿದ ಕೂಡಲೇ ಅವರ ಮುಖ ಅರಳುತ್ತಿತ್ತು. "ಓಹೋ, ಡಾಕ್ಟರೇ?" "ಅಲ್ಲ." "ನರ್ಸೇ?" "ಅಲ್ಲ." "ಮತ್ತೆ?" "ಕಡತ ಕಾಯುವವಳು." ಅಲ್ಲಿಗೆ ಮಾತು ಪುಳಿಯೋಗರೆಯತ್ತ ತಿರುಗುತ್ತಿತ್ತು. ಇಪ್ಪತ್ತಾರು ವರ್ಷ ಕಾಯ್ದ ಆ ಕಡತಗಳ ಬಗ್ಗೆ ಹೇಳಿಕೊಳ್ಳಲು ಈ ಸಂಚಿಕೆಯ ಸಂಪಾದಕರು ಈಗ ಅವಕಾಶ ಕೊಟ್ಟಿದ್ದಾರೆ. ಸಮ್ಮೇಳನದ ಸಡಗರದ ನಡುವೆ ಬಿಡುವಾದಾಗ ಓದುಗ ಬಂಧುಗಳು ಇದರತ್ತ ಒಮ್ಮೆ ಕಣ್ಣು ಹಾಯಿಸಬೇಕೆಂದು ಕೋರುತ್ತೇನೆ. ವಿಷಯ ಒಣಗಿದ್ದೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಊರಿನಿಂದ ತಂದೆತಾಯಿಯರನ್ನು ಕರೆಸಿಕೊಂಡಿರುವ ಯಾವ ಮನೆಗೂ ಇದು ದೂರದ್ದಲ್ಲ.

ಈಸ್ಟ್ ಬ್ರನ್ಸ್‌ವಿಕ್ಕಿನಲ್ಲಿ ಹದಿನೆಂಟನೆಯ ಹೆದ್ದಾರಿಯ ಬದಿಯ ನಿಲ್ದಾಣದಿಂದ ನಸುಕಿನಲ್ಲಿ ಬಸ್ಸು ಹತ್ತಿ, ಟರ್ನ್‌ಪೈಕಿನ ಉದ್ದಕ್ಕೂ ತೂಕಡಿಸುತ್ತ, ಮ್ಯಾನ್‌ಹಟನ್ನಿನಲ್ಲಿಳಿದು ನಾನು ಸೇರುತ್ತಿದ್ದುದು ಆಸ್ಪತ್ರೆಯ ನೆಲಮಾಳಿಗೆಗೆ. ಸೇರಿದ್ದು 1991ರಲ್ಲಿ. ಕಿಟಕಿಯಿಲ್ಲದ ಆ ವಿಶಾಲವಾದ ಕೋಣೆಯಲ್ಲಿ ತಲೆಗಿಂತ ಎತ್ತರದ ಕಪಾಟುಗಳು, ಕಪಾಟು ತುಂಬ ಕಾಗದದ ಕಡತಗಳು. ಮೊದಲ ದಿನ ಆ ಹಳೆಯ ಕಾಗದದ ವಾಸನೆ ಮೂಗಿಗೆ ಬಡಿದಾಗ ನನಗೆ ಅರಸೀಕೆರೆಯ ನೆನಪಾಯಿತು. ಅಪ್ಪ ಅಲ್ಲಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಬಟ್ಟೆಯ ರುಮಾಲಿನಲ್ಲಿ ಬಿಗಿದು ಕಟ್ಟಿದ ಕಡತಗಳನ್ನು ಅವರು ಬಿಚ್ಚುತ್ತಿದ್ದ ರೀತಿಯನ್ನೂ, ಬಿಚ್ಚಿದ್ದನ್ನು ಅದೇ ಮಡಿಕೆಯಲ್ಲಿ ಮತ್ತೆ ಕಟ್ಟುತ್ತಿದ್ದ ಶಿಸ್ತನ್ನೂ ನಾನು ಬಾಲ್ಯದಲ್ಲಿ ಬಾಗಿಲ ಬಳಿ ನಿಂತು ನೋಡಿದವಳು. ಹನ್ನೆರಡು ಸಾವಿರ ಕಿಲೋಮೀಟರಿಗೂ ಆಚೆ ಬಂದು ಕೊನೆಗೆ ಅಪ್ಪನ ಕಸುಬನ್ನೇ ಹಿಡಿದೆನಲ್ಲ ಎಂದು ನಗು ಬಂದಿತ್ತು.

ಆ ಕೋಣೆಗೆ ತನ್ನದೇ ಆದ ಜಾಣತನವಿತ್ತು. ರೋಗಿಯೊಬ್ಬರ ಸಂಖ್ಯೆ 48-27-15 ಎಂದಿಟ್ಟುಕೊಳ್ಳೋಣ. ಕಡತ ತರಲು ಹೊರಟವರು ಮೊದಲು ನೋಡುವುದು ಕೊನೆಯ 15ನ್ನು. ಆ ವಿಭಾಗಕ್ಕೆ ಹೋಗಿ, ಅಲ್ಲಿ ನಡುವಿನ 27ನ್ನು ಹುಡುಕಿ, ಅದರೊಳಗೆ 48ನ್ನು ತೆಗೆಯಬೇಕು. ಹೀಗೆ ಹಿಂದುಮುಂದಾಗಿ ಓದುವುದೇಕೆಂದರೆ, ಸಂಖ್ಯೆಗಳನ್ನು ಕ್ರಮವಾಗಿ ಕೊಡುತ್ತ ಹೋಗುವುದರಿಂದ ಹೊಸ ರೋಗಿಗಳ ಕಡತಗಳೆಲ್ಲ ಕಟ್ಟಕಡೆಯ ಕಪಾಟಿನಲ್ಲೇ ಗುಂಪುಗೂಡುತ್ತವೆ, ಕೆಲಸದವರೂ ಅಲ್ಲೇ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಕೊನೆಯ ಅಂಕಿಗಳಿಂದ ಹಂಚಿದರೆ ನೂರು ವಿಭಾಗಗಳಿಗೂ ಸಮನಾಗಿ ಕಡತ ಸೇರುತ್ತದೆ. ಒಂದೊಂದು ಅಂಕಿಗೆ ಒಂದೊಂದು ಬಣ್ಣದ ಪಟ್ಟಿ. ಯಾರಾದರೂ ತಪ್ಪು ಜಾಗದಲ್ಲಿಟ್ಟರೆ ಹಸಿರಿನ ಸಾಲಿನಲ್ಲಿ ಕೆಂಪು ಎದ್ದು ಕಾಣುತ್ತದೆ. ಕಡತ ಹೊರಗೆ ಹೋದರೆ ಅದರ ಜಾಗದಲ್ಲಿ ಒಂದು ರಟ್ಟು: ಯಾರು ಒಯ್ದರು, ಯಾವ ವಾರ್ಡಿಗೆ, ಎಂದು. ಇಷ್ಟಾದರೂ ಕಡತ ಕಳೆಯುತ್ತಿತ್ತು. ವೈದ್ಯರ ಮೇಜಿನ ಸೆಳೆಖಾನೆಯಲ್ಲಿ, ಲಿಫ್ಟಿನ ಪಕ್ಕದ ತಳ್ಳುಗಾಡಿಯಲ್ಲಿ, ಒಮ್ಮೆ ಕಾಫಿ ಯಂತ್ರದ ಮೇಲೆ ಕೂಡ ಸಿಕ್ಕಿದ್ದುಂಟು.

ನಮ್ಮ ಊರಿನ ಪದ್ಧತಿ ಇದಕ್ಕೆ ತೀರ ವಿರುದ್ಧವಾದುದು. ಅಲ್ಲಿ ಕಡತ ಕಾಯುವವನು ರೋಗಿಯೇ. 1900ರ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ ಉದ್ಘಾಟಿಸಿದ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಿರಲಿ, ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಿರಲಿ, ಹೊರರೋಗಿಯ ಕೈಗೆ ಬರುವುದು ಒಂದು ಚೀಟಿ. ಮುಂದಿನ ಸಲ ಅದನ್ನು ತಂದರೆ ಚರಿತ್ರೆ ಉಂಟು, ತರದಿದ್ದರೆ ಇಲ್ಲ. ಒಳರೋಗಿಯ ಕೇಸ್ ಶೀಟು ಮಾತ್ರ ಆಸ್ಪತ್ರೆಯಲ್ಲಿ ಉಳಿಯುತ್ತದೆ. ಭಾರತೀಯ ವೈದ್ಯಕೀಯ ಮಂಡಳಿ 2002ರಲ್ಲಿ ಹೊರಡಿಸಿದ ನಿಯಮಾವಳಿಯ ಪ್ರಕಾರ ವೈದ್ಯರು ಅದನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಇಟ್ಟುಕೊಳ್ಳಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಈ ಎರಡನೆಯ ಮಾತು ನಮ್ಮವರಲ್ಲಿ ಬಹಳ ಮಂದಿಗೆ ತಿಳಿದಿಲ್ಲ. ಹೀಗಾಗಿ ಪ್ರತಿಯೊಂದು ಮನೆಯಲ್ಲೂ ಒಂದು ಚೀಲ. ಅದರಲ್ಲಿ ಕಂದು ಲಕೋಟೆಯ ಎಕ್ಸ್-ರೇ, ರಕ್ತಪರೀಕ್ಷೆಯ ಚೀಟಿಗಳು, ಔಷಧದಂಗಡಿಯ ರಸೀದಿ, ಜೊತೆಗೆ ಯಾವುದೋ ದೇವಸ್ಥಾನದ ಕುಂಕುಮದ ಪೊಟ್ಟಣ.

ನನ್ನ ತಾಯಿ 1997ರಲ್ಲಿ ಮೊದಲ ಬಾರಿಗೆ ನಮ್ಮ ಮನೆಗೆ ಬಂದಾಗ ಅಂತಹದೇ ಚೀಲವೊಂದು ಅವರ ಕಂಕುಳಲ್ಲಿತ್ತು. ಆ ಪ್ರವಾಸದಲ್ಲಿ ಅವರಿಗೆ ಕೆಮ್ಮು ಜ್ವರ ಬಂದು ಇಲ್ಲಿನ ಒಂದು ಆಸ್ಪತ್ರೆಯಲ್ಲಿ ನಾಲ್ಕು ದಿನ ಇರಬೇಕಾಯಿತು. ಹೆಸರು ಇಲ್ಲಿ ಬೇಡ; ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆ ಅದಲ್ಲ. ಅಮ್ಮ ಹಾಸಿಗೆಯ ಮೇಲೆ ಕುಳಿತು ಚೀಲ ಬಿಚ್ಚಿ, ಹಳದಿಯಾದ ಒಂದು ಚೀಟಿಯನ್ನು ತೆಗೆದು ಕೊಟ್ಟರು. ಅರಸೀಕೆರೆಯ ವೈದ್ಯರೊಬ್ಬರು ಇಂಗ್ಲಿಷಿನಲ್ಲಿ ಬರೆದದ್ದು. ಅದರ ಕೆಳಗೆ ಅವರ ಕಾಂಪೌಂಡರು ಕೆಂಪು ಮಸಿಯಲ್ಲಿ, ಕನ್ನಡದಲ್ಲಿ, "ಪೆನಿಸಿಲಿನ್ ಸೂಜಿ ಹಾಕಕೂಡದು" ಎಂದು ಬರೆದಿದ್ದರು. ನಾನು ಅದನ್ನು ಅನುವಾದಿಸಿದೆ. ನರ್ಸು ಕಡತದ ಮೇಲೆ ಕೆಂಪು ಚೀಟಿ ಅಂಟಿಸಿದರು. ಮನೆಗೆ ಬಂದ ಮೇಲೆ ನಾನು ಚೀಲವನ್ನು ಕಪಾಟಿನ ಮೇಲಟ್ಟಣೆಗೆ ಏರಿಸಿ, "ಇದನ್ನೆಲ್ಲ ಹೊತ್ತು ತಿರುಗುವುದು ಬೇಡಮ್ಮ, ಇಲ್ಲಿ ಎಲ್ಲ ಅವರ ಹತ್ತಿರವೇ ಇರುತ್ತದೆ" ಎಂದೆ. ಹೇಳಿದ್ದು ಸುಳ್ಳೇನಲ್ಲ. ಎಲ್ಲವೂ ಅವರ ಹತ್ತಿರವೇ ಇತ್ತು.

2004ರಲ್ಲಿ, ಗ್ರೀನ್ ಕಾರ್ಡು ಪಡೆದು ನಮ್ಮೊಡನೆಯೇ ನೆಲೆಸಿದ್ದ ಅಮ್ಮನಿಗೆ ಕಾಲಿನ ಗಾಯ ಕೀವುಗಟ್ಟಿ ಒಂದು ಮಧ್ಯಾಹ್ನ ಜ್ವರ ನೆತ್ತಿಗೇರಿತು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಆಂಬುಲೆನ್ಸಿನವರು ಅದೇ ಆಸ್ಪತ್ರೆಗೆ ಒಯ್ದರು. ನನ್ನ ತಮ್ಮ ಜೊತೆಯಲ್ಲಿದ್ದ, ನಾನು ಬಸ್ಸಿನಲ್ಲಿದ್ದೆ. "ಯಾವುದಾದರೂ ಔಷಧ ಒಗ್ಗುವುದಿಲ್ಲವೇ?" ಎಂಬ ಪ್ರಶ್ನೆಗೆ ಅವನು ತನಗೆ ತಿಳಿದಂತೆ "ಇಲ್ಲ" ಎಂದ. ಕಂಪ್ಯೂಟರಿನಲ್ಲಿ ಹುಡುಕಿದರು, ಇಂತಹ ಹೆಸರಿನ, ಇಂತಹ ಜನ್ಮದಿನಾಂಕದ ರೋಗಿ ಹಿಂದೆ ಬಂದಿಲ್ಲವೆಂದು ಅದು ಹೇಳಿತು. ಹೊಸ ಸಂಖ್ಯೆ ಕೊಟ್ಟರು. ಪೆನಿಸಿಲಿನ್ ಜಾತಿಯ ಔಷಧವನ್ನು ನರಕ್ಕೆ ಹಾಕಿದರು. ನಾನು ತಲುಪುವ ಹೊತ್ತಿಗೆ ಅಮ್ಮನ ತುಟಿ ಊದಿ, ಮೈಯೆಲ್ಲ ದದ್ದೆದ್ದು, ಉಸಿರಿಗೆ ಕೊಳವೆ ಹಾಕಬೇಕೋ ಬೇಡವೋ ಎಂದು ನಾಲ್ವರು ಸುತ್ತ ನಿಂತಿದ್ದರು. ಕೊಳವೆ ಬೇಕಾಗಲಿಲ್ಲ. ಎರಡು ದಿನದಲ್ಲಿ ಚೇತರಿಸಿಕೊಂಡರು. ಆ ಎರಡು ದಿನ ನಾನು ಅವರ ಮುಖ ನೋಡಲಾರದೆ ಕಿಟಕಿಯ ಕಡೆ ನೋಡುತ್ತ ಕುಳಿತಿದ್ದೆ.

ಮೂರನೆಯ ದಿನ ನನ್ನ ಕಸುಬಿನ ಬುದ್ಧಿ ಎಚ್ಚತ್ತುಕೊಂಡಿತು. ಆ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಇಳಿದು, ನಾನೂ ಅದೇ ಕೆಲಸದವಳೆಂದು ಹೇಳಿ, ಹಳೆಯ ಕಡತ ಹುಡುಕಲು ಕೇಳಿಕೊಂಡೆ. ಕಡತ ಅಲ್ಲೇ ಇತ್ತು, ಕೆಂಪು ಚೀಟಿಯೂ ಹೊಳೆಯುತ್ತಲೇ ಇತ್ತು. ಒಬ್ಬ ತಾಯಿಗೆ ಎರಡು ಸಂಖ್ಯೆ, ಎರಡು ಹೆಸರು, ಎರಡು ಜನ್ಮದಿನ.

ಇದು ಹೇಗಾಯಿತೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇದು ನಮ್ಮ ಜನರಿಗೇ ವಿಶೇಷವಾಗಿ ಅಂಟಿಕೊಂಡಿರುವ ತೊಡಕು. ನಮ್ಮಲ್ಲಿ ಮನೆತನದ ಹೆಸರೆಂಬುದು ಎಲ್ಲರಿಗೂ ಇಲ್ಲ. ಹಳೇ ಮೈಸೂರಿನ ಕಡೆ ಮೊದಲಕ್ಷರ ಊರಿನದು, ಎರಡನೆಯದು ತಂದೆಯದು, ಆಮೇಲೆ ತನ್ನ ಹೆಸರು. ನಾಗರಾಜನೆಂಬ ಒಬ್ಬನನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಅಕ್ಷರಗಳನ್ನು ಬಿಡಿಸಿ ಬರೆಸಿದಾಗ ಅವನು ಹೊಳೆನರಸೀಪುರ ಸುಬ್ಬರಾವ್ ನಾಗರಾಜ. ಒಬ್ಬ ಗುಮಾಸ್ತರು ಅವನನ್ನು "ಮಿಸ್ಟರ್ ನಾಗರಾಜ್" ಎಂದು ನಮೂದಿಸುತ್ತಾರೆ. ಇನ್ನೊಬ್ಬರು "ಮಿಸ್ಟರ್ ಹೊಳೆನರಸೀಪುರ" ಎಂದು. ಊರಿಗೆ ಊರೇ ಆಸ್ಪತ್ರೆಗೆ ಸೇರಿದಂತೆ! ಧಾರವಾಡ, ಬೆಳಗಾವಿ ಕಡೆಯವರಿಗೆ ಅಡ್ಡಹೆಸರಿರುವುದರಿಂದ ಈ ಕಷ್ಟ ಕಡಿಮೆ. ಒಂದೇ ಹೆಸರಿರುವ ನಮ್ಮ ಹಿರಿಯ ಹೆಂಗಸರ ಪಾಡು ಇನ್ನೂ ವಿಚಿತ್ರ. ಆ ಒಂದು ಹೆಸರನ್ನು ವೀಸಾದಲ್ಲಿ ಮನೆತನದ ಜಾಗಕ್ಕೆ ತಳ್ಳಿ, ಸ್ವಂತ ಹೆಸರಿನ ಜಾಗದಲ್ಲಿ "ಎಫ್.ಎನ್.ಯು." ಎಂದು ಅಚ್ಚು ಹಾಕುತ್ತಾರೆ, ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. 1997ರಲ್ಲಿ ಅಮ್ಮ ಆಸ್ಪತ್ರೆ ಸೇರಿದ್ದು ಆ ರೂಪದಲ್ಲಿ. ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವಾಗ ಅಪ್ಪನ ಹೆಸರನ್ನು ಕೊನೆಗೆ ಸೇರಿಸಿದ್ದೆವು. 2004ರಲ್ಲಿ ಸೇರಿದ್ದು ಆ ಹೆಸರಿನಿಂದ. ಇನ್ನು ಜನ್ಮದಿನ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡ ಪೀಳಿಗೆ ಅದು. ನಾವು 01-06 ಎಂದು ಬರೆದರೆ ಅಮೆರಿಕೆಯವರು ಜನವರಿ 6 ಎಂದು ಓದುತ್ತಾರೆ. ಅಲ್ಲಿಗೆ ಎರಡು ಗುರುತುಗಳೂ ಕೈಕೊಟ್ಟಂತಾಯಿತು.

ಹೆಸರಿನ ಕಾಗುಣಿತ ಬೇರೆಯಾದರೂ ಉಚ್ಚಾರಣೆಯಿಂದ ಹಿಡಿಯುವ ಉಪಾಯವೊಂದು ಇಲ್ಲಿ ಬಹಳ ಹಿಂದಿನಿಂದಲೂ ಇದೆ. ಅದರ ಹೆಸರು ಸೌಂಡೆಕ್ಸ್. ರಾಬರ್ಟ್ ರಸೆಲ್ ಎಂಬಾತ 1918ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಜನಗಣತಿಯ ಹಳೆಯ ಪಟ್ಟಿಗಳಿಗೂ ಇದನ್ನೇ ಬಳಸಿದರು. ಮೊದಲಕ್ಷರವನ್ನು ಹಾಗೆಯೇ ಇಟ್ಟು, ಸ್ವರಗಳನ್ನು ಬಿಟ್ಟು, ಉಳಿದ ವ್ಯಂಜನಗಳಿಗೆ ಅಂಕಿ ಕೊಡುತ್ತ ಹೋಗುವುದು ಅದರ ವಿಧಾನ. ನಮ್ಮ ಲಕ್ಷ್ಮಿಯನ್ನು ಇಂಗ್ಲಿಷಿನಲ್ಲಿ ಕೆ-ಎಸ್-ಎಚ್ ಹಾಕಿ ಬರೆದರೂ ಎಕ್ಸ್ ಹಾಕಿ ಬರೆದರೂ ಒಂದೇ ಸಂಕೇತ ಬರುತ್ತದೆ. ಗೌಡರೂ ಅಷ್ಟೆ, ಡಬ್ಲ್ಯು ಇರಲಿ ಯು ಇರಲಿ ಸಿಕ್ಕಿಬೀಳುತ್ತಾರೆ. ಆದರೆ ಜ್ಞಾನೇಶನ ಮುಂದೆ ಅದು ಸೋಲುತ್ತದೆ. 'ಜ್ಞ'ವನ್ನು ಒಬ್ಬರು 'ಜೆ'ಯಿಂದ, ಇನ್ನೊಬ್ಬರು 'ಜಿ'ಯಿಂದ ಆರಂಭಿಸುತ್ತಾರೆ, ಮೊದಲಕ್ಷರವೇ ಬೇರೆಯಾದ ಮೇಲೆ ಯಂತ್ರಕ್ಕೆ ಇಬ್ಬರೂ ಅಪರಿಚಿತರು. ವೆಂಕಟೇಶನನ್ನು 'ವಿ'ಯಿಂದಲೂ 'ಡಬ್ಲ್ಯು'ವಿನಿಂದಲೂ ಬರೆಯುವವರಿದ್ದಾರಲ್ಲ, ಅಲ್ಲೂ ಇದೇ ಗತಿ.

ಅಮೆರಿಕೆಯಲ್ಲಿ ರೋಗಿಗೆ ದೇಶವ್ಯಾಪಿಯಾದ ಒಂದೇ ಸಂಖ್ಯೆ ಕೊಡಬೇಕೆಂದು 1996ರ ಹಿಪಾ ಕಾಯಿದೆಯಲ್ಲೇ ಹೇಳಿತ್ತು. ಆದರೆ ಖಾಸಗಿತನದ ಭಯದಿಂದ, ಅದಕ್ಕೆ ಸರ್ಕಾರದ ಹಣ ಬಳಸಕೂಡದೆಂದು ಕಾಂಗ್ರೆಸ್ಸು ಕೆಲವೇ ವರ್ಷಗಳಲ್ಲಿ ಕಟ್ಟುಮಾಡಿತು. ಭಾರತ ಈ ವಿಷಯದಲ್ಲಿ ಬೇರೆ ದಾರಿ ಹಿಡಿದು, 2021ರ ಸೆಪ್ಟೆಂಬರಿನಲ್ಲಿ ರಾಷ್ಟ್ರವ್ಯಾಪಿಯಾಗಿ ಆರಂಭಿಸಿದ ಆಯುಷ್ಮಾನ್ ಭಾರತ್ ಡಿಜಿಟಲ್ ಯೋಜನೆಯಲ್ಲಿ 14 ಅಂಕಿಗಳ 'ಆಭಾ' ಸಂಖ್ಯೆ ಕೊಡುತ್ತಿದೆ. ಎರಡರಲ್ಲಿ ಯಾವುದು ಸರಿಯೆಂಬ ವಾದಕ್ಕೆ ನಾನು ಇಳಿಯಲಾರೆ. ಕಡತ ಕಾದವಳಾಗಿ ಸಂಖ್ಯೆಯ ಪರ ನಾನು. ಆ ಕಡತಗಳೊಳಗೆ ಏನೇನಿರುತ್ತದೆಂದು ಬಲ್ಲವಳಾಗಿ ಭಯಪಡುವವರ ಪರವೂ ನಾನೇ.

ಕಾಗದದಿಂದ ಕಂಪ್ಯೂಟರಿಗೆ ಆದ ಪಯಣವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ 1960ರ ದಶಕದಲ್ಲೇ ಇದಕ್ಕೆಂದು ಕಂಪ್ಯೂಟರ್ ಭಾಷೆಯೊಂದನ್ನು ಕಟ್ಟಿ, ಅದಕ್ಕೆ 'ಮಂಪ್ಸ್' ಎಂದು ಹೆಸರಿಟ್ಟರು. ಆಸ್ಪತ್ರೆಯ ಭಾಷೆಗೆ ಮಂಗನಬಾವಿನ ಹೆಸರು! ಅದರ ವಂಶದ್ದೇ ಇಂದಿಗೂ ದೊಡ್ಡ ದೊಡ್ಡ ಆಸ್ಪತ್ರೆಗಳನ್ನು ನಡೆಸುತ್ತಿದೆ. 2009ರ ಕಾನೂನಿನಿಂದ ಕೇಂದ್ರ ಸರ್ಕಾರದ ಧನಸಹಾಯ ದೊರೆತ ಮೇಲೆ ಎಲ್ಲ ಕಡೆ ಬದಲಾವಣೆಗೆ ವೇಗ ಬಂತು. ನ್ಯೂಯಾರ್ಕ್ ನಗರದ 11 ಸಾರ್ವಜನಿಕ ಆಸ್ಪತ್ರೆಗಳಲ್ಲಿ ಆಗಲೇ ಕಂಪ್ಯೂಟರುಗಳಿದ್ದವು. ಅವನ್ನೆಲ್ಲ ಒಂದೇ ವ್ಯವಸ್ಥೆಗೆ ತರುವ ಎಪಿಕ್ ಎಂಬ ತಂತ್ರಾಂಶ 2016ರ ಏಪ್ರಿಲಿನಲ್ಲಿ ಎಲ್ಮ್‌ಹರ್ಸ್ಟ್ ಮತ್ತು ಕ್ವೀನ್ಸ್ ಆಸ್ಪತ್ರೆಗಳಿಂದ ಆರಂಭವಾಯಿತು. ಸಾರ್ವಜನಿಕ ಆಸ್ಪತ್ರೆಗೆ ಬರುವವರ ಬಗೆಯನ್ನು ಇಲ್ಲಿ ನೆನೆಯಬೇಕು. ಎಲ್ಮ್‌ಹರ್ಸ್ಟಿನ ಸುತ್ತಮುತ್ತ ನೂರಕ್ಕೂ ಹೆಚ್ಚು ಭಾಷೆಗಳಿವೆ. ಗುರುತಿನ ಚೀಟಿಯಿಲ್ಲದವರು, ಹೆಸರು ಹೇಳಲು ಅಂಜುವವರು, ಪ್ರಜ್ಞೆಯಿಲ್ಲದೆ ಬಂದವರು, ಯಾರನ್ನೂ ಹಿಂದಕ್ಕೆ ಕಳಿಸುವಂತಿಲ್ಲ. ಯಂತ್ರ ಎಷ್ಟು ದೊಡ್ಡದಾದರೂ ಬಾಗಿಲ ಬಳಿ ಹೆಸರು ಕೇಳಿ ಬರೆದುಕೊಳ್ಳುವ ಗುಮಾಸ್ತರ ಆ ಎರಡು ನಿಮಿಷದ ಮೇಲೆ ಎಲ್ಲವೂ ನಿಂತಿದೆ.

ಕಾಗದವನ್ನೆಲ್ಲ ಯಂತ್ರದೊಳಕ್ಕೆ ತುಂಬಿದರೆಂದು ಹೊರಗಿನವರು ಭಾವಿಸುತ್ತಾರೆ. ಹಾಗೆ ಯಾರೂ ಮಾಡಲಾರರು. ಸಾಮಾನ್ಯವಾಗಿ ಇತ್ತೀಚೆಗೆ ಬಂದ ರೋಗಿಗಳ ಕಡತಗಳನ್ನಷ್ಟೇ ಆಯ್ದು, ಅವುಗಳಲ್ಲಿ ಮುಖ್ಯ ಹಾಳೆಗಳನ್ನು ಸ್ಕ್ಯಾನ್ ಮಾಡಿ, ಒಗ್ಗದ ಔಷಧ, ನಿತ್ಯದ ಮಾತ್ರೆ, ಹಳೆಯ ಶಸ್ತ್ರಚಿಕಿತ್ಸೆ, ಇಷ್ಟನ್ನು ಕೈಯಿಂದ ಟೈಪು ಮಾಡಿ ಸೇರಿಸುತ್ತಾರೆ. ಮಿಕ್ಕದ್ದು ಊರಾಚೆಯ ಉಗ್ರಾಣಕ್ಕೆ. ಸ್ಕ್ಯಾನ್ ಮಾಡಿದ ಹಾಳೆ ಚಿತ್ರವಷ್ಟೆ; ವೈದ್ಯರು ಹೊಸದಾಗಿ ಔಷಧ ಬರೆದಾಗ ಎಚ್ಚರಿಕೆ ಕೊಡುವುದು ಟೈಪು ಮಾಡಿ ಸೇರಿಸಿದ ಪಟ್ಟಿ ಮಾತ್ರ. ಕೆಂಪು ಚೀಟಿಯ ಚಿತ್ರ ಕಂಪ್ಯೂಟರಿನೊಳಗೆ ಭದ್ರವಾಗಿದ್ದೂ ಯಂತ್ರ ಮೌನವಾಗಿರುವುದು ಸಾಧ್ಯ. ಇದರ ಮೇಲೆ ಅಂಟಿಸುವ ಚಾಳಿ ಬೇರೆ. ನಿನ್ನೆಯ ಟಿಪ್ಪಣಿಯನ್ನು ಎತ್ತಿ ಇಂದಿನದಕ್ಕೆ ಅಂಟಿಸುವುದು ಒಂದು ಗುಂಡಿಯ ಕೆಲಸವಾದ ಮೇಲೆ, ಒಬ್ಬರ ಒಂದು ತಪ್ಪು ಹತ್ತು ಪುಟಗಳಲ್ಲಿ ಹತ್ತು ಸಹಿಗಳೊಡನೆ ಮೊಳೆಯುತ್ತದೆ. ವೈದ್ಯರ ಕೆಟ್ಟ ಅಕ್ಷರವನ್ನು ನಾವೆಲ್ಲ ಗೇಲಿ ಮಾಡುತ್ತಿದ್ದೆವು. ಆ ಅಕ್ಷರವನ್ನು ಬರೆಯಲು ಅವರು ಒಂದು ಸಲವಾದರೂ ಯೋಚಿಸಬೇಕಾಗುತ್ತಿತ್ತು.

ಕರೆಂಟು ಹೋದರೆ? 2012ರ ಅಕ್ಟೋಬರಿನ ಸ್ಯಾಂಡಿ ಚಂಡಮಾರುತದಲ್ಲಿ, 1736ರಷ್ಟು ಹಿಂದಿನ ಚರಿತ್ರೆಯುಳ್ಳ ಬೆಲ್‌ವ್ಯೂ ಆಸ್ಪತ್ರೆಯ ನೆಲಮಾಳಿಗೆಗೆ ಈಸ್ಟ್ ರಿವರಿನ ನೀರು ನುಗ್ಗಿತು. ಇಂಧನದ ಪಂಪುಗಳು ಕೆಟ್ಟು, ಹದಿಮೂರನೆಯ ಮಹಡಿಯ ಜನರೇಟರುಗಳಿಗೆ ಮೆಟ್ಟಿಲ ಮೇಲೆ ಸಾಲುಗಟ್ಟಿ ಕೈಯಿಂದ ಕೈಗೆ ಇಂಧನ ಸಾಗಿಸಿದರು. ಕೊನೆಗೆ 700ಕ್ಕೂ ಹೆಚ್ಚು ರೋಗಿಗಳನ್ನು ಬೇರೆ ಆಸ್ಪತ್ರೆಗಳಿಗೆ ಸಾಗಿಸಬೇಕಾಯಿತು. ದೆಹಲಿಯ ಏಮ್ಸ್ ಆಸ್ಪತ್ರೆಗೆ ಬಂದದ್ದು ಬೇರೆ ಬಗೆಯ ಪ್ರವಾಹ: 2022ರ ನವೆಂಬರ್ 23ರಂದು ದುಷ್ಕರ್ಮಿಗಳು ಅಲ್ಲಿನ ಸರ್ವರುಗಳಿಗೆ ಬೀಗ ಜಡಿದರು. ಸುಮಾರು ಎರಡು ವಾರ ಅಷ್ಟು ದೊಡ್ಡ ಸಂಸ್ಥೆಯಲ್ಲಿ ಹೊರರೋಗಿಗಳ ನೋಂದಣಿ, ಪರೀಕ್ಷೆಯ ವರದಿ, ಎಲ್ಲವೂ ಪೆನ್ನು ಕಾಗದದಲ್ಲಿ ನಡೆಯಿತು. ಯಂತ್ರ ನಿಂತಾಗ ಬಳಸಲೆಂದು ನಮ್ಮಲ್ಲೂ ಅಚ್ಚುಹಾಕಿದ ನಮೂನೆಗಳ ಕಟ್ಟೊಂದು ಪ್ರತಿ ವಾರ್ಡಿನಲ್ಲಿರುತ್ತಿತ್ತು. ನಿವೃತ್ತಿಯ ವರ್ಷ, 2017ರಲ್ಲಿ, ಹೊಸ ಹುಡುಗಿಯೊಬ್ಬಳಿಗೆ ಅದನ್ನು ತುಂಬುವುದು ಹೇಗೆಂದು ಕಲಿಸಿದ್ದು ನನ್ನ ಕೊನೆಯ ಪಾಠಗಳಲ್ಲೊಂದು.

ಹಳೆಯ ಕಾಗದವನ್ನು ಎಷ್ಟು ಕಾಲ ಇಡಬೇಕೆಂಬುದಕ್ಕೂ ಲೆಕ್ಕವಿದೆ. ನ್ಯೂಜೆರ್ಸಿಯಲ್ಲಿ ಆಸ್ಪತ್ರೆಗಳು ರೋಗಿಯ ಕೊನೆಯ ಬಿಡುಗಡೆಯಿಂದ 10 ವರ್ಷ ದಾಖಲೆ ಉಳಿಸಬೇಕು. ಮಕ್ಕಳದಾದರೆ ಅವರಿಗೆ 23 ವರ್ಷ ತುಂಬುವವರೆಗೆ, ಎರಡರಲ್ಲಿ ಯಾವುದು ದೀರ್ಘವೋ ಅದು. ಬಿಡುಗಡೆಯ ಸಾರಾಂಶದ ಹಾಳೆ 20 ವರ್ಷ. ಕಾನೂನು ಹೇಳುವುದಕ್ಕಿಂತ ಹೆಚ್ಚು ಕಾಲ ಉಳಿದ ಕಾಗದ ಏನು ಮಾಡಬಲ್ಲದೆಂಬುದಕ್ಕೆ ಬೆಂಗಳೂರಿನಲ್ಲೇ ಉದಾಹರಣೆಯಿದೆ. 1974ರಲ್ಲಿ ನಿಮ್ಹಾನ್ಸ್ ಆಗಿ ರೂಪುಗೊಂಡ ಸಂಸ್ಥೆಯ ಬೇರು ಹತ್ತೊಂಬತ್ತನೆಯ ಶತಮಾನದ ಹುಚ್ಚಾಸ್ಪತ್ರೆಯಲ್ಲಿದೆ. ಆ ಕಾಲದ ದಾಖಲೆಗಳನ್ನು ಅಲ್ಲಿನ ವೈದ್ಯರಾದ ಸಂಜೀವ ಜೈನ್, ಪ್ರತಿಮಾ ಮೂರ್ತಿ ಮೊದಲಾದವರು ಓದಿ, ಮೈಸೂರು ಸೀಮೆಯ ಮನೋವೈದ್ಯಕೀಯದ ಚರಿತ್ರೆಯನ್ನು ಕಟ್ಟಿದ್ದಾರೆ. ಯಾರೋ ಗುಮಾಸ್ತ ರದ್ದಿಗೆ ಹಾಕದೆ ಬಿಟ್ಟದ್ದರ ಫಲವದು. ಅವನ ಹೆಸರು ಯಾವ ಪುಸ್ತಕದಲ್ಲೂ ಇರಲಾರದು.

ಬಂಧುಗಳು ಕೇಳಬಹುದು, ನಾವೇನು ಮಾಡೋಣ ಎಂದು. ನಾನು ನನ್ನವರಿಗೆ ಹೇಳುವುದಿಷ್ಟು. ತಂದೆತಾಯಿ ವಿಮಾನ ಹತ್ತುವ ಮೊದಲೇ ಅವರ ಹೆಸರು ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಅದೇ ಕ್ರಮದಲ್ಲಿ ಒಂದು ಹಾಳೆಯಲ್ಲಿ ಬರೆದಿಡಿ. ಜನ್ಮದಿನದಲ್ಲಿ ತಿಂಗಳನ್ನು ಅಂಕಿಯಿಂದ ಬರೆಯದೆ ಅಕ್ಷರದಿಂದ ಬರೆಯಿರಿ. ಆಸ್ಪತ್ರೆಯಲ್ಲಿ ಕೇಳದಿದ್ದರೂ "ಹಿಂದೆ ಬೇರೆ ಹೆಸರಿನಿಂದ ಬಂದಿದ್ದುಂಟು" ಎಂದು ಹೇಳಿ, ಎರಡು ಸಂಖ್ಯೆಗಳಿದ್ದರೆ ಒಂದುಗೂಡಿಸಲು ದಾಖಲೆ ವಿಭಾಗಕ್ಕೆ ಬರೆದುಕೊಡಿ. ಕೈಗೆ ಕಟ್ಟಿದ ಪಟ್ಟಿಯನ್ನು ನೋಡಿ ಮತ್ತೆ ಮತ್ತೆ ಹೆಸರು, ಹುಟ್ಟಿದ ದಿನ ಕೇಳುವ ನರ್ಸಿನ ಮೇಲೆ ರೇಗಬೇಡಿ. ನಿಮ್ಮ ದಾಖಲೆಯನ್ನು ನೀವು ಕೇಳಿದರೆ ಹಿಪಾ ಪ್ರಕಾರ 30 ದಿನದೊಳಗೆ ಕೊಡಬೇಕು. 2021ರ ಏಪ್ರಿಲಿನಿಂದಂತೂ ವಿದ್ಯುನ್ಮಾನ ರೂಪದಲ್ಲಿರುವುದನ್ನು ಸಕಾರಣವಿಲ್ಲದೆ ತಡೆಹಿಡಿಯುವುದಕ್ಕೇ ನಿಷೇಧವಿದೆ. ಊರಿನಿಂದ ತಂದ ಚೀಲವನ್ನು ಮಾತ್ರ ದಯವಿಟ್ಟು ಅಟ್ಟಕ್ಕೆ ಹಾಕಬೇಡಿ.

ಅಮ್ಮ 2009ರಲ್ಲಿ ತೀರಿಕೊಂಡರು. ಕೊನೆಯ ಸಲ ಆಸ್ಪತ್ರೆಯಿಂದ ಬಿಡುಗಡೆಯಾಗಿ ಮನೆಗೆ ಬಂದದ್ದೂ ಅದೇ ವರ್ಷ. ಹತ್ತು ವರ್ಷದ ಗಡುವು 2019ಕ್ಕೇ ಮುಗಿದಿದೆ; ಸಾರಾಂಶದ ಹಾಳೆಯೂ 2029ರ ಆಚೆಗೆ ಇರಲೇಬೇಕೆಂದಿಲ್ಲ. ಚೀಲ ನನ್ನ ಹತ್ತಿರವಿದೆ. ಕಳೆದ ಚಳಿಗಾಲದಲ್ಲಿ, ವೈದ್ಯಕೀಯ ಓದುತ್ತಿರುವ ನನ್ನ ಮೊಮ್ಮಗಳು ಅದನ್ನು ಬಿಚ್ಚಿ, ಆ ಹಳದಿ ಚೀಟಿಯನ್ನು ಬೆಳಕಿಗೆ ಹಿಡಿದಳು. ವೈದ್ಯರ ಇಂಗ್ಲಿಷು ಅವಳಿಗೆ ಓದಲಾಗಲಿಲ್ಲ. ಕಾಂಪೌಂಡರ ಕನ್ನಡವನ್ನು, ಭಾನುವಾರದ ಕನ್ನಡ ಕಲಿ ತರಗತಿಯಲ್ಲಿ ಕಲಿತಷ್ಟನ್ನೇ ನೆಚ್ಚಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. 'ಹಾಕಕೂಡದು' ಎಂಬಲ್ಲಿ ಸ್ವಲ್ಪ ತಡವರಿಸಿ, "ಅಜ್ಜಿ, ಇದರ ಅರ್ಥವೇನು?" ಎಂದು ಕೇಳಿದಳು.